ದೇವರ ಮುಂದಿಟ್ಟ ಹುಳ

ನಿಪ್ಪಾಣಿಯ ಕೊರಿಯರ್ ಆಫೀಸಿನಲ್ಲಿ ನನ್ನ ಗಂಡ ಅಲ್ಲಿನ ಗುಮಾಸ್ತನ ಕೊರಳಪಟ್ಟಿ ಹಿಡಿದಾಗ ನನಗೆ ಹೆಮ್ಮೆಯಾಗಿತ್ತು. ಸುಳ್ಳೇಕೆ ಹೇಳಲಿ. ಇವರು ಜಗಳಗಂಟರಲ್ಲ. ನಮ್ಮ ಮನೆಯಲ್ಲಿ ಬಾಯಿ ಮಾಡುವ ಕೆಲಸವೆಲ್ಲ ನನ್ನದೇ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಜೊತೆ ನಾನು ಜಗಳ ಕಾಯುತ್ತಿದ್ದರೆ ಇವರು ಹಿಂದೆ ನಿಂತು ಮೊಬೈಲ್ ನೋಡುತ್ತಿರುತ್ತಾರೆ. ಅಂಥವರು ಅಂದು ಟೇಬಲ್ಲಿನ ಆಚೆ ಕೈಚಾಚಿ ಆ ಮನುಷ್ಯನನ್ನು ಮುಂದಕ್ಕೆ ಜಗ್ಗಿದ್ದರು.

“ಟೇಪ್ ಕೊಯ್ದದ್ದು ಫೋಟೋದಾಗ ಕಾಣಸೂದಿಲ್ಲೇನು? ಏನ್ ಮಾಡೀರಿ ನಮ್ಮ ಸಾಮಾನ?”

“ಆಯಿ ಶಪಥ್ರಿ ಸಾಹೇಬ್ರ, ನಾವ್ ಮುಟ್ಟಿಲ್ರಿ. ಕೊಟ್ಟದ್ದ ಕೊಟ್ಟಂಗ ಚೀಲಕ್ಕ ಹಾಕೇನ್ರಿ,” ಎಂದ ಅವನು. ನನ್ನ ಕಡೆ ತಿರುಗಿ, “ನೀವರ ಹೇಳ್ರಿ ಬಾಯಾರ,” ಎಂದ.

“ಕಳುವು ಮಾಡೂದಲ್ದ ತಾಯಿ ಮ್ಯಾಲ ಆಣಿ ಬ್ಯಾರೆ ಮಾಡ್ತಿಯೇನು?” ಎಂದೆ ನಾನು.

ಚಿಕ್ಕೋಡಿಗೆ ತಿರುಗಿ ಬರುವಾಗ ಮೋಟರ್‌ಸೈಕಲ್ಲಿನ ಹಿಂದೆ ಕೂತು ಇವರ ಬೆನ್ನಿಗೆ ಹಣೆ ಹಚ್ಚಿ ಅತ್ತೆ. ಇವರು ಒಂದು ಕೈಯಿಂದ ಹ್ಯಾಂಡಲ್ ಹಿಡಿದು, ಇನ್ನೊಂದರಿಂದ ನನ್ನ ಕೈ ತಟ್ಟಿ, “ಇರ್ಲಿ ಬಿಡು. ಇನ್ನೊಂದ ಹುಳ ಸಿಗತೈತಿ,” ಎಂದರು. ಎಷ್ಟು ಒಳ್ಳೆಯ ಗಂಡ ಸಿಕ್ಕಿದ್ದಾನೆ ನನಗೆ ಎಂದುಕೊಂಡೆ. ಆ ಮಾತನ್ನು ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮೊದಲಿನಿಂದಲೂ ನನ್ನ ಹುಚ್ಚು ಜೀರುಂಡೆಗಳು. ಕಬ್ಬಿನ ಬೇರು ತಿನ್ನುವವು, ಸಗಣಿ ಉರುಳಿಸುವವು, ಕಟ್ಟಿಗೆ ಕೊರೆಯುವವು, ಎಲ್ಲವನ್ನೂ ಹಿಡಿದು ಡಬ್ಬಿಯಲ್ಲಿ ಇಡುತ್ತಿದ್ದೆ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನ್ನ ಡಬ್ಬಿ ತೆರೆದು ನೋಡಿ, “ಯವ್ವಾ, ಇವನ್ನೂ ಹುರೀತಿಯೇನ?” ಎಂದು ಕೇಳಿ ಇಡೀ ಓಣಿಯನ್ನು ನಗಿಸಿದ್ದರು. ಆದರೆ ನನ್ನ ಮಗಳು ಹುಟ್ಟಿದ ಮೇಲೆ, ನಾನು ಸೂಕ್ಷ್ಮದರ್ಶಕದ ಮುಂದೆ ಕೂತಾಗಲೆಲ್ಲ ಕೂಸನ್ನು ಎತ್ತಿಕೊಂಡು ತಿರುಗಿದವರೂ ಅವರೇ.

ಈ ಹುಳ ಸಿಕ್ಕಿದ್ದು ನನ್ನ ತವರು ಬೋರಗಾಂವದಲ್ಲಿ. ಅಲ್ಲಿ ಮನೆಗೊಂದು ಪವರ್‌ಲೂಮ್. ಮಗ್ಗಕ್ಕೆ ಹೋಗುವ ನೂಲಿಗೆ ಗಂಜಿ ಕುಡಿಸಿ ಒಣಗಿಸಿ ಕೊಡುವ ಸೈಜಿಂಗ್ ಕಾರ್ಖಾನೆಯೊಂದು ನಮ್ಮ ಮನೆಯ ಹಿಂದೆಯೇ ಇತ್ತು. ಅದರ ಬಾಯ್ಲರಿಗೆ ಒಂದಷ್ಟು ಕಾಲ ಗುಜರಾತಿನ ಗಣಿಯಿಂದ ಕಂದು ಕಲ್ಲಿದ್ದಲು ಬರುತ್ತಿತ್ತು. ಆ ಇದ್ದಲಿನ ನಡುವೆ ಅಲ್ಲಲ್ಲಿ ಬೆಲ್ಲದ ಬಣ್ಣದ ಹಳದಿ ತುಂಡುಗಳು. ಇದ್ದಲು ಹೊರುವ ಹೆಂಗಸರು ಅವನ್ನು ಆರಿಸಿ ಉಡಿಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಕೆಂಡದ ಮೇಲೆ ಹಾಕಿದರೆ ರಾಳದ ಹಾಗೆಯೇ ಘಮ್ಮೆನ್ನುತ್ತಿತ್ತು. ಅಮಾವಾಸ್ಯೆಗೆ, ಕೂಸಿಗೆ ನದರಾದಾಗ, ಅಂದರೆ ದೃಷ್ಟಿ ತಗುಲಿದಾಗ, ಎಮ್ಮೆ ಹಾಲು ಕೊಡದಿದ್ದಾಗ ಅದೇ ಧೂಪ. ಅಂಗಡಿಯ ರಾಳಕ್ಕಿಂತ ಇದೇ ಚಲೋ ಎನ್ನುತ್ತಿದ್ದರು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅದು ರಾಳವೇ. ಐದು ಕೋಟಿ ವರ್ಷಕ್ಕೂ ಹಿಂದೆ, ನಾವು ಈಗ ರಾಳ ಇಳಿಸುವ ಮರಗಳ ಬಳಗದ್ದೇ ಯಾವುದೋ ಮರ ಸುರಿಸಿದ ಅಂಟು, ಮಣ್ಣಿನಡಿ ಸೇರಿ ಗಟ್ಟಿಯಾದದ್ದು. ಓದಿದವರು ಅಂಬರ್ ಎನ್ನುತ್ತೇವೆ, ಅಷ್ಟೇ. ಅಂಟು ಹಸಿಯಿದ್ದಾಗ ಯಾವ ಹುಳ ಬಂದು ಕೂತಿತೋ ಅದು ಕಾಲು, ಕೂದಲು, ಕಣ್ಣಿನ ಸಮೇತ ಒಳಗೇ ಉಳಿದುಬಿಡುತ್ತದೆ. ಆ ಹೆಂಗಸರ ಉಡಿಯಲ್ಲಿ ಈ ತುಂಡುಗಳನ್ನು ಮೊದಲ ಸಲ ನೋಡಿದ ದಿನ ನನಗೆ ತವರಿನ ಊಟವೂ ರುಚಿಸಲಿಲ್ಲ. ಒಂದು ಚೀಲ ತುಂಬಿಕೊಂಡು ಚಿಕ್ಕೋಡಿಗೆ ಬಂದೆ. ಒಂದೊಂದನ್ನೂ ಎಣ್ಣೆ ಸವರಿ ಬೆಳಕಿಗೆ ಹಿಡಿದು ನೋಡಿ, ಹುಳ ಇದ್ದದ್ದನ್ನು ನನ್ನ ಡಬ್ಬಿಗೆ, ಇಲ್ಲದ್ದನ್ನು ಅತ್ತೆಯ ಧೂಪದ ಡಬ್ಬಿಗೆ ಹಾಕಿದೆ. ಅತ್ತೆಗೆ ಬಲು ಸಂತೋಷ. ಸೊಸೆ ಹುಳದ ಕೆಲಸ ಮಾಡಿದರೂ ಮನೆಗೆ ಒಂದು ಉಪಯೋಗವಾಯಿತಲ್ಲ ಎಂದು ನೆರೆಯವರಿಗೂ ಹಂಚಿದರು.

ನನ್ನ ಡಬ್ಬಿಗೆ ಬಂದವುಗಳಲ್ಲಿ ಹೆಚ್ಚಿನವು ಗುಂಗಾಡು, ಇರುವೆ, ಮುರಿದ ರೆಕ್ಕೆ. ಒಂದರಲ್ಲಿ ಮಾತ್ರ ಒಂದು ಜೀರುಂಡೆ. ಸಾಸಿವೆ ಕಾಳಿಗಿಂತ ಚೂರು ಉದ್ದ. ತೊಗಟೆಯ ಅಡಿಯಲ್ಲಿ ಬದುಕುವ ಪೈಕಿ ಎಂದು ಅದರ ಚಪ್ಪಟೆ ಮೈ ನೋಡಿದರೇ ತಿಳಿಯುತ್ತಿತ್ತು.

ಇವರದು ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ. ನಮ್ಮ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಬೂಸ್ಟು ಬೆಳೆದಿತ್ತು. ಇವರ ಅಂಗಡಿಯಲ್ಲಿ ಮೊಬೈಲಿನ ಒಳಗಿನ ಸಣ್ಣ ಬೆಸುಗೆಗಳನ್ನು ನೋಡುವ ಒಳ್ಳೆಯ ಸೂಕ್ಷ್ಮದರ್ಶಕವಿತ್ತು, ಮೇಲೆ ಕ್ಯಾಮೆರಾ ಕೂರಿಸಿದ್ದು. ಗಿರಾಕಿ ಕಡಿಮೆಯಾದ ಮೇಲೆ ಸಂಜೆ ಶಟರ್ ಅರ್ಧ ಇಳಿಸಿ ಇಬ್ಬರೂ ಕೂರುತ್ತಿದ್ದೆವು. ಗೀರು ಬಿದ್ದ ಗಾಜನ್ನು ಉಜ್ಜುವ ನುಣುಪು ಕಾಗದದಿಂದ ಇವರೇ ಆ ತುಂಡನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದರು. ನಾನು ಚಿತ್ರ ಬರೆಯುವಾಗ ದೀಪ ಹಿಡಿದರು. “ನಿನ್ನ ಮಿಂಡನ ಮುಖ ಇವತ್ತ ಛಂದ ಕಾಣಾಕತ್ತೈತಿ,” ಎಂದು ಹುಳವನ್ನು ತೋರಿಸಿ ಚೇಷ್ಟೆ ಮಾಡಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾವು ಅಷ್ಟು ಹತ್ತಿರ ಕೂತು ಅಷ್ಟು ಮಾತಾಡಿದ್ದು ಆಗಲೇ.

ಹೊಸ ಜಾತಿ ಎಂದು ಹೇಳುವುದು ಸುಲಭವಲ್ಲ. ಅದರ ಬಳಗದಲ್ಲಿ ಈವರೆಗೆ ಗೊತ್ತಿರುವ ಎಲ್ಲವನ್ನೂ ಪಕ್ಕಕ್ಕಿಟ್ಟು ಹೋಲಿಸಬೇಕು. ಕುಡಿಮೀಸೆಯ ಗೆಣ್ಣು, ರೆಕ್ಕೆಯ ಮೇಲಿನ ಗುಳಿಗಳ ಸಾಲು, ಕಾಲಿನ ಉಗುರು, ಒಂದೊಂದನ್ನೂ ನೋಡಿ ‘ಇದು ಅದಲ್ಲ’ ಎನ್ನುತ್ತ ಹೋಗಬೇಕು. ನಾನು ಬಹಳ ದಿನ ಒಂದು ಹಳೆಯ ಜಾತಿಯ ಹತ್ತಿರವೇ ಸಿಕ್ಕಿಹಾಕಿಕೊಂಡಿದ್ದೆ. ಎಲ್ಲ ಹೊಂದುತ್ತಿತ್ತು. ಇನ್ನೇನು ಕೈಬಿಡಬೇಕು ಎನ್ನುವಾಗ ಇವರು ದೀಪವನ್ನು ಅಡ್ಡಕ್ಕೆ ಹಿಡಿದು, “ಹಿಂದಿನ ಕಾಲಿಗಿ ಏನೋ ಮುಳ್ಳಿದ್ದಂಗ ಐತಲ್ಲ,” ಎಂದರು. ಮೇಲಿನಿಂದ ಬೀಳುವ ಬೆಳಕಿನಲ್ಲಿ ಅದು ಕಾಣುತ್ತಲೇ ಇರಲಿಲ್ಲ. ಕಾಲಿನ ಒಳಬದಿಗೆ ಒಂದು ಹಲ್ಲು, ಗರಗಸದ ಹಲ್ಲಿನ ಹಾಗೆ ಬಾಗಿದ್ದು. ಅದರ ಬಳಗದ ಬೇರೆ ಯಾವುದಕ್ಕೂ ಅದಿಲ್ಲ. ನಾನು ಅಂಗಡಿಯಲ್ಲೇ ಚೀರಿದೆ. ಪಕ್ಕದ ಝೆರಾಕ್ಸ್ ಅಂಗಡಿಯವರು ಹಾವು ಬಂತೇನೋ ಎಂದು ಓಡಿ ಬಂದರು.

ಅವತ್ತೇ ಹೆಸರನ್ನು ನಿಶ್ಚಯಿಸಿದೆ. ಹೊಸ ಜಾತಿಗೆ ಮನುಷ್ಯರ ಹೆಸರಿಡಬಹುದು. ಗಂಡಸಿನ ಹೆಸರಾದರೆ ಕೊನೆಗೆ ಲ್ಯಾಟಿನ್ನಿನ ಒಂದು ‘ಇ’ ಹಚ್ಚಬೇಕು. ಇವರ ಹೆಸರಿಗೆ ಅದನ್ನು ಹಚ್ಚಿ ಬಾಯಲ್ಲಿ ಹೇಳಿ ನೋಡಿಕೊಂಡೆ, ನಗು ಬಂತು. ಆದರೆ ಪ್ರೀತಿಯೂ ಬಂತು. ಇವರಿಗೆ ಹೇಳಲಿಲ್ಲ. ಅಚ್ಚಾಗಿ ಬಂದ ಮೇಲೆ ಕೈಗೆ ಕೊಟ್ಟು ಮುಖ ನೋಡಬೇಕು ಎಂದಿತ್ತು. ಇವರು ಕೇಳಿದಾಗಲೆಲ್ಲ “ಹೆಸರು ಕಡೀಕ್ ಇಡೂದರಿ,” ಎಂದು ಹಾರಿಸುತ್ತಿದ್ದೆ.

ಲೇಖನ ಬರೆದು ಒಂದು ಪತ್ರಿಕೆಗೆ ಕಳಿಸಿದೆ. ಅವರಿಗೆ ಒಪ್ಪಿಗೆಯಾಯಿತು, ಆದರೆ ಎರಡು ಷರತ್ತು ಹಾಕಿದರು. ಹುಳದ ಹೊಟ್ಟೆಯ ಭಾಗವನ್ನು ಒಂದು ಗಾಳಿಗುಳ್ಳೆ ಮುಚ್ಚಿತ್ತು. ಅದನ್ನು ಕ್ಷಕಿರಣದ ಯಂತ್ರದಲ್ಲಿಟ್ಟು ತೋರಿಸಬೇಕು. ಎರಡನೆಯದು, ಆ ತುಂಡನ್ನು ಎಲ್ಲರೂ ಹೋಗಿ ನೋಡಬಹುದಾದ ಒಂದು ಸಂಗ್ರಹಾಲಯಕ್ಕೆ ಒಪ್ಪಿಸಬೇಕು. ಇದು ನಮ್ಮ ಕೆಲಸದ ನಿಯಮ. ಹೆಸರು ಕಾಗದದ ಮೇಲೆ ನಿಲ್ಲುವುದಿಲ್ಲ, ಆ ಒಂದು ತುಂಡಿಗೆ ಅಂಟಿಕೊಂಡಿರುತ್ತದೆ. ದೂರದ ಊರಿನ ಸಂಗ್ರಹಾಲಯವೊಂದರ ಹಿರಿಯರು ಎರಡೂ ಕೆಲಸಕ್ಕೆ ಒಪ್ಪಿಕೊಂಡರು. ನನ್ನ ಚಿತ್ರ ನೋಡಿ ಫೋನ್ ಮಾಡಿ, “ಚಿಕ್ಕೋಡಿಯಲ್ಲಿ ಕೂತು ಇದನ್ನು ಮಾಡಿದಿರಾ?” ಎಂದಿದ್ದರು. ಆ ಒಂದು ಮಾತಿಗೆ ನಾನು ವಾರವಿಡೀ ನೆಲದ ಮೇಲೆ ನಡೆಯಲಿಲ್ಲ.

ತುಂಡನ್ನು ಹತ್ತಿಯಲ್ಲಿ ಸುತ್ತಿ ಸಣ್ಣ ಡಬ್ಬಿಯಲ್ಲಿಟ್ಟೆ. ಮರುದಿನ ನನಗೆ ಅಥಣಿಯ ಕಾಲೇಜೊಂದರಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆಸುವ ಕೆಲಸವಿತ್ತು. ಡಬ್ಬಿಗೆ ಟೇಪು ಸುತ್ತಿ ನಿಪ್ಪಾಣಿಗೆ ಹೋಗಿ ಕೊರಿಯರ್ ಮಾಡುವುದು ಇವರ ಪಾಲಿಗೆ. “ದೂರ ಹೋಗು ಸಾಮಾನ ಒಂದ್ ರಾತ್ರಿ ದೇವರ ಮುಂದ ಇರ್ಲಿ ಯವ್ವಾ,” ಎಂದರು ಅತ್ತೆ. ನಮ್ಮಲ್ಲಿ ಲಗ್ನಪತ್ರಿಕೆ, ಪರೀಕ್ಷೆಯ ಹಾಲ್ ಟಿಕೆಟ್, ಹೊಸ ಗಾಡಿಯ ಕೀಲಿ ಎಲ್ಲವೂ ಮೊದಲು ದೇವರ ಜಗಲಿಯ ಮೇಲೆ ಕೂತೇ ಮುಂದಕ್ಕೆ ಹೋಗುವುದು. ನಾನು ನಾಸ್ತಿಕಳಲ್ಲದಿದ್ದರೂ ಅಂಥ ಭಕ್ತೆಯಲ್ಲ. ಆದರೂ ಇಟ್ಟೆ.

ಅಥಣಿಯಿಂದ ಸಂಜೆ ಬಂದಾಗ ಮಗಳಿಗೆ ಜ್ವರ ಬಂದು ಇಳಿದಿತ್ತು. ಮನೆ ತುಂಬ ಧೂಪದ ವಾಸನೆ. “ಕಳಿಸಿದ್ರೇನ್ರಿ?” ಎಂದೆ. “ಹೂಂ, ಕಳಿಸೇನಿ,” ಎಂದು ಇವರು ರಸೀದಿ ಕೊಟ್ಟರು. ನಾನು ನಂಬಿದೆ. ನಂಬದಿರಲು ಕಾರಣವೇ ಇರಲಿಲ್ಲ.

ಕೆಲವು ದಿನಗಳ ಮೇಲೆ ಸಂಗ್ರಹಾಲಯದಿಂದ ಫೋಟೋ ಬಂತು. ಡಬ್ಬಿಯ ಟೇಪು ಒಂದು ಮೂಲೆಯಲ್ಲಿ ಕೊಯ್ದಿದೆ, ಒಳಗೆ ಹತ್ತಿ ಮಾತ್ರ ಇದೆ. ಆಮೇಲಿನದು ನಿಪ್ಪಾಣಿಯ ಕೊರಳಪಟ್ಟಿ. ಗುಮಾಸ್ತನಲ್ಲಿ ಕಳ್ಳ ಸಿಗದಿದ್ದಾಗ ನನ್ನ ಅನುಮಾನ ಆ ಹಿರಿಯರ ಮೇಲೆ ತಿರುಗಿತು. ‘ತಲುಪಿದ ಮೇಲೆ ಯಾರು ತೆರೆದರು ಎಂದು ನಿಮ್ಮ ಕಡೆ ವಿಚಾರಿಸುತ್ತೀರಾ?’ ಎಂದು ಬರೆದೆ. ಅವರು ಸಭ್ಯವಾಗಿ ಉತ್ತರಿಸಿದರು. ಮತ್ತೆ ಫೋನ್ ಮಾಡಲಿಲ್ಲ. ಆ ಪತ್ರವನ್ನು ಕಳಿಸುವ ಮೊದಲು ನಾನು ಇವರಿಗೆ ಓದಿ ಹೇಳಿದ್ದೆ. ಇವರು ಕೇಳಿಸಿಕೊಂಡು, “ಬರೋಬ್ಬರಿ ಐತಿ,” ಎಂದಿದ್ದರು.

ಬರೀ ಫೋಟೋ ಇಟ್ಟುಕೊಂಡು ಹೊಸ ಜಾತಿಯನ್ನು ಒಪ್ಪುವುದಿಲ್ಲ ಎಂದು ಪತ್ರಿಕೆಯವರು ಲೇಖನ ವಾಪಸು ಮಾಡಿದರು. ಬೋರಗಾಂವಕ್ಕೆ ಓಡಿದೆ. ಸೈಜಿಂಗಿನವರು ಆ ಇದ್ದಲನ್ನು ಬಿಟ್ಟು ಕಬ್ಬಿನ ಸಿಪ್ಪೆ ಉರಿಸಲು ಶುರುಮಾಡಿದ್ದರು. ಹೆಂಗಸರ ಮನೆಯ ಡಬ್ಬಿಗಳಲ್ಲಿ ಉಳಿದ ಚೂರುಗಳನ್ನೆಲ್ಲ ಬೇಡಿ ತಂದು ನೋಡಿದೆ. ಏನೂ ಇರಲಿಲ್ಲ.

ಚಳಿಗಾಲದ ಒಂದು ಭಾನುವಾರ ಮಧ್ಯಾಹ್ನ ಮಗಳು ಕೆಮ್ಮುತ್ತಿದ್ದಳು. ಅತ್ತೆ ಬಚ್ಚಲ ಒಲೆಯಿಂದ ಧೂಪದ ಬಟ್ಟಲಿಗೆ ಕೆಂಡ ತುಂಬಿಕೊಂಡು ಬಂದು, ತಮ್ಮ ಡಬ್ಬಿ ಅಲ್ಲಾಡಿಸಿ, ಅದು ಖಾಲಿಯಾದದ್ದನ್ನು ಕಂಡು ನನ್ನನ್ನು ಕೇಳಿದರು.

“ಅವತ್ತಿನಂಥಾದ್ ಇನ್ನೊಂದ್ ತುಂಡ ಐತೇನ ಯವ್ವಾ? ಸಣ್ಣ ಡಬ್ಬ್ಯಾಗ ಹತ್ತ್ಯಾಗಿಟ್ಟ ದೇವರ ಮುಂದ ಇಟ್ಟಿದ್ದಿಯಲ್ಲ, ಕನ್ನಡ್ಯಂಗ ಹೊಳೀತಿತ್ತ ನೋಡ. ಭಾಳ ಘಮ ಇತ್ತ. ಕೂಸಿಗಿ ನದರಾಗಿತ್ತ, ಅದನ್ನ ಹಾಕೂದ್ರಾಗ ಜ್ವರಾ ಬಿಟ್ಟಿತು.”

ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. ಮಡಚುತ್ತಲೇ ಇದ್ದೆ. “ಯಾವಾಗರಿ ಅತ್ತಿ?” ಎಂದೆ.

“ನೀ ಅಥಣಿಗಿ ಹೋದ ದಿನ. ದೇವರ ಮುಂದ ಇಟ್ಟೀದಿ ಅಂದ್ರ ಧೂಪಕ್ಕ ಅಂತ ತಿಳದ್ನೆವಾ ನಾ. ಅವಾ ಬಂದು ಡಬ್ಬಿ ಹುಡುಕಿದಾ. ಹಾಕೇನಪಾ ಅಂದೆ. ಖಾಲಿ ಡಬ್ಬಿ ತಗೊಂಡಾ. ಆಮ್ಯಾಲ ಆಕಿ ಮುಂದ ಅನಬ್ಯಾಡ, ಸಿಟ್ಟ ಮಾಡ್ತಾಳ ಅಂದ. ಈಗೇನ್ ದಿನಾ ಆದೂವಲ್ಲ ಅಂತ ಕೇಳಿದ್ನಿ.”

ಅತ್ತೆಯ ಮುಖದಲ್ಲಿ ಅಂಜಿಕೆಯೂ ಇರಲಿಲ್ಲ, ಕಪಟವೂ ಇರಲಿಲ್ಲ. ಇರುವುದಕ್ಕೆ ಕಾರಣವೂ ಇಲ್ಲ. ವರ್ಷದಿಂದ ನಾನೇ ಅವರ ಕೈಗೆ ಅದನ್ನು ಧೂಪವೆಂದು ಕೊಟ್ಟಿದ್ದೆ. ದೇವರ ಮುಂದೆ ಇಟ್ಟವಳೂ ನಾನು. ಜ್ವರದ ಕೂಸು, ದೇವರ ಜಗಲಿ, ಹಳದಿ ತುಂಡು, ಇಷ್ಟಿದ್ದ ಮೇಲೆ ನಮ್ಮ ಕಡೆಯ ಯಾವ ಅಜ್ಜಿಯಾದರೂ ಅದನ್ನು ಕೆಂಡಕ್ಕೇ ಹಾಕುತ್ತಿದ್ದಳು. ಆ ಸಂಜೆ ಮನೆಗೆ ಬಂದಾಗ ನನ್ನ ಮೂಗಿಗೆ ಹತ್ತಿದ ವಾಸನೆ ನೆನಪಾಯಿತು. ಐದು ಕೋಟಿ ವರ್ಷ ಉಳಿದದ್ದು ಒಂದು ಮಧ್ಯಾಹ್ನದಲ್ಲಿ ಹೊಗೆಯಾಗಿ, ನಾನು ಅದನ್ನು ಉಸಿರಾಡಿ, ‘ಕಳಿಸಿದ್ರೇನ್ರಿ’ ಎಂದು ಕೇಳಿದ್ದೆ. ಆದರೆ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ, ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಮೂಲೆಯಂಗಡಿಯಿಂದ ಲೋಬಾನ ತಂದುಕೊಟ್ಟು, ಮೊಬೈಲ್ ತೆಗೆದು ಸಂಗ್ರಹಾಲಯದವರು ಕಳಿಸಿದ್ದ ಆ ಹಳೆಯ ಫೋಟೋ ನೋಡಿದೆ. ಟೇಪು ಕೊಯ್ದದ್ದು ಎಷ್ಟು ನೀಟು. ಕಳ್ಳನಾದರೆ ಹರಿಯುತ್ತಾನೆ. ಇದು ದಿನವೂ ಮೊಬೈಲಿನ ಗಾಜು ಬಿಡಿಸುವ ಕೈ, ಅದೇ ಸಪೂರ ಬ್ಲೇಡು. ಇಷ್ಟು ದಿನ ಆ ಫೋಟೋ ನನ್ನ ಹತ್ತಿರವೇ ಇತ್ತು.

ಅಂಗಡಿಗೆ ಹೋದೆ. ಅದೇ ಸೂಕ್ಷ್ಮದರ್ಶಕದ ಕೆಳಗೆ ಯಾರದೋ ಮೊಬೈಲ್ ಬಿಚ್ಚಿಟ್ಟುಕೊಂಡು ಕೂತಿದ್ದರು. ನನ್ನ ಮುಖ ನೋಡಿದ್ದೇ ಇವರಿಗೆ ತಿಳಿಯಿತು.

“ಅವ್ವ ಹೇಳಿದ್ಳೇನ?” ಎಂದರು.

“ನೀವು ಹೇಳಬೇಕಿತ್ತು.”

“ಹೇಳಬೇಕಂತನ ಮಾಡಿದ್ದೆ.”

“ಯಾವಾಗರಿ? ಟೇಪ್ ಕೊಯ್ಯುವಾಗೇನು? ನಿಪ್ಪಾಣ್ಯಾಗ ಆ ಪಾಪದಾವನ ಕೊರಳಪಟ್ಟಿ ಹಿಡದಾಗೇನು? ನಾ ಗಾಡಿ ಮ್ಯಾಲ ಅಳುವಾಗ ಕೈ ತಟ್ಟಿದ್ರಲ್ಲ, ಆವಾಗೇನು?”

ಇವರು ಕೈಯಲ್ಲಿದ್ದ ಚಿಮ್ಮಟಿಗೆಯನ್ನು ಕೆಳಗಿಟ್ಟರು. “ನಿನ್ನ ಬಾಯಿ ನನಗ ಗೊತ್ತಿಲ್ಲೇನು? ಅವತ್ತ ನೀ ಅವ್ವಗ ಏನರ ಅಂದಿದ್ರ ಆ ಮಾತ ತಿರುಗಿ ಬರ್ತಿದ್ದಿಲ್ಲ. ಮುದುಕಿ ತಡೀತಿದ್ದಿಲ್ಲ. ಮನೀ ಒಡೀತಿತ್ತ.”

ಈ ಮಾತಿನಲ್ಲಿ ನಿಜವಿಲ್ಲವೆಂದು ನಾನು ಹೇಳಲಾರೆ. ನನ್ನ ಬಾಯಿ ಅಂಥದ್ದೇ. ಅವತ್ತು ಗೊತ್ತಾಗಿದ್ದರೆ ಕೂಗಾಡುತ್ತಿದ್ದೆ, ತಟ್ಟೆ ಎಸೆಯುತ್ತಿದ್ದೆ, ಆಡಬಾರದ್ದನ್ನು ಆಡುತ್ತಿದ್ದೆನೇನೋ. ಎರಡು ದಿನ ಉಣ್ಣದೆ ಮಲಗುತ್ತಿದ್ದೆ. ಮೂರನೆಯ ದಿನ ಎದ್ದು ಅತ್ತೆಯ ಕೈಯಿಂದಲೇ ಚಹಾ ಕುಡಿಯುತ್ತಿದ್ದೆ. ನನ್ನ ಸಿಟ್ಟನ್ನು ಇವರು ಬಲ್ಲರು, ಆ ಸಿಟ್ಟು ಇಳಿಯುವುದನ್ನೂ ಇಷ್ಟು ವರ್ಷ ನೋಡಿದ್ದಾರೆ. ಆದರೂ ನನ್ನನ್ನು ನಂಬಲಿಲ್ಲ. ಅವ್ವನನ್ನು ನನ್ನಿಂದ ಕಾಪಾಡಬೇಕು ಎಂದುಕೊಂಡರಲ್ಲ, ನಾನೇನು ಆ ಮನೆಗೆ ಹೊಕ್ಕ ಹೊರಗಿನವಳೇ? ಹುಳ ಸುಟ್ಟುಹೋದದ್ದು ದುಃಖ. ಆ ದುಃಖದ ಮೇಲೆ ಒಂದು ನಾಟಕ ಕಟ್ಟಿ, ನನಗೇ ಪಾತ್ರ ಕೊಟ್ಟು ಊರೂರು ತಿರುಗಿಸಿ ಕುಣಿಸಿದ್ದು ಮೋಸ. ಮೋಸ ಎನ್ನದೆ ಬೇರೆ ಶಬ್ದ ಹುಡುಕಲು ನನಗೆ ಮನಸ್ಸಿಲ್ಲ.

ಮರುದಿನವೇ ಇವರನ್ನು ನಿಪ್ಪಾಣಿಗೆ ಕರೆದುಕೊಂಡು ಹೋದೆ. ಕೊರಿಯರಿನ ಮನುಷ್ಯ ನಮ್ಮನ್ನು ಕಂಡಕೂಡಲೇ ಕುರ್ಚಿ ಹಿಂದಕ್ಕೆ ಜರುಗಿಸಿದ. “ಹೇಳ್ರಿ,” ಎಂದೆ ಇವರಿಗೆ. ಇವರು ನೆಲ ನೋಡುತ್ತ ಹೇಳಿದರು. ಡಬ್ಬಿ ಖಾಲಿಯೇ ಇತ್ತು, ಕೊಯ್ದವನು ನಾನೇ, ನಿಮ್ಮ ತಪ್ಪಿಲ್ಲ ಎಂದು. ನಾನೂ ಕೈ ಮುಗಿದೆ. ಅವನು ಕುರ್ಚಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡು, “ಹೋಗ್ಲಿ ಬಿಡ್ರಿ ಸಾಹೇಬ್ರ,” ಎಂದ. ಆಮೇಲೆ ನನಗೆ, “ಆದ್ರ ಬಾಯಾರ, ಅವತ್ತ ಇವ್ರ ಸಿಟ್ಟ ನೋಡಿ ನನಗ ಖರೇನ ಅನಿಸಿತ್ತ ನೋಡ್ರಿ, ನಾನ ಎಲ್ಲೆರ ಕಳದೇನೇನೋ ಅಂತ,” ಎಂದ. ನನಗೂ ಖರೆಯೇ ಅನಿಸಿತ್ತು.

ಸಂಗ್ರಹಾಲಯದ ಹಿರಿಯರಿಗೆ ನಾನೇ ಬರೆದೆ. ಅವರ ಉತ್ತರ ಬಂತು. ‘ಇಂಥದ್ದು ಎಲ್ಲರ ಮನೆಯಲ್ಲೂ ಆಗುತ್ತದೆ, ಇನ್ನೊಂದು ತುಂಡು ಸಿಕ್ಕರೆ ದಯವಿಟ್ಟು ಕಳಿಸಿ’ ಎಂದಿದ್ದರು. ಸಿಕ್ಕಿಲ್ಲ. ಬೇರೆ ಯಾರಾದರೂ ಎಂದಾದರೂ ಗುಜರಾತಿನ ಆ ಗಣಿಯಲ್ಲೇ ಇದೇ ಹುಳವನ್ನು ಕಂಡಾರು, ಅದರ ಕಾಲಿನ ಹಲ್ಲನ್ನು ಗುರುತಿಸಿಯಾರು, ತಮಗೆ ಬೇಕಾದ ಹೆಸರಿಟ್ಟಾರು. ಅದೇ ಸರಿ. ನಿಯಮ ಹಾಗಿದೆ. ನನ್ನ ಹತ್ತಿರ ಇರುವುದು ಚಿತ್ರಗಳು ಮಾತ್ರ.

ಮನೆ ಒಡೆದಿಲ್ಲ. ಇವರ ಲೆಕ್ಕದಲ್ಲಿ ಇವರು ಗೆದ್ದರು. ನಾನು ಅಡಿಗೆ ಮಾಡುತ್ತೇನೆ, ಅತ್ತೆಗೆ ಮಾತ್ರೆ ಕೊಡುತ್ತೇನೆ, ಇವರ ಜೊತೆ ಮದುವೆ ಮುಂಜಿಗೆ ಹೋಗುತ್ತೇನೆ. ಅಂಗಡಿಗೆ ಮಾತ್ರ ಹೋಗುವುದಿಲ್ಲ. ಇವರು ಏನಾದರೂ ಕೈಗೆ ಕೊಟ್ಟು ‘ಕಳಿಸೇನಿ’, ‘ಕಟ್ಟೇನಿ’, ‘ಕೇಳೇನಿ’ ಎಂದಾಗ ಒಂದು ಕ್ಷಣ ಮುಖ ನೋಡುತ್ತೇನೆ. ಮೊದಲು ನೋಡುತ್ತಿರಲಿಲ್ಲ. ಇವರಿಗೂ ಅದು ಗೊತ್ತಾಗುತ್ತದೆ.

ಮೊನ್ನೆ ಊಟಕ್ಕೆ ಕೂತಾಗ ಟಿವಿಯಲ್ಲಿ ಯಾವುದೋ ಕಪ್ಪೆಗೆ ಹೊಸ ಹೆಸರಿಟ್ಟ ಸುದ್ದಿ ಬಂತು. ಇವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಬಹಳ ದಿನಗಳ ಮೇಲೆ ಆ ಹಳೆಯ ದನಿಯಲ್ಲಿ, ದೀಪ ಹಿಡಿದು ಕೂತಾಗಿನ ದನಿಯಲ್ಲಿ ಕೇಳಿದರು.

“ಆ ಹುಳಕ್ಕ ನೀ ಏನ್ ಹೆಸರ ಇಡಾಕಿದ್ದಿ? ಕಡೀತನಕ ಹೇಳಲೇ ಇಲ್ಲ.”

ಲೇಖನ ಇನ್ನೂ ನನ್ನ ಕಂಪ್ಯೂಟರಿನಲ್ಲಿದೆ. ಮೊದಲ ಸಾಲಿನಲ್ಲೇ ಇವರ ಹೆಸರು, ಅದರ ಬಾಲಕ್ಕೆ ಲ್ಯಾಟಿನ್ನಿನ ‘ಇ’. ಕೆಳಗೆ, ಈ ಹೆಸರನ್ನು ಯಾಕೆ ಇಡಲಾಗಿದೆ ಎಂದು ಹೇಳುವ ಜಾಗದಲ್ಲಿ, ‘ಲೇಖಕಿಗೆ ಕಾಣದೆ ಹೋದದ್ದನ್ನು ಮೊದಲು ಕಂಡು ತೋರಿಸಿದವರು’ ಎಂದು ಬರೆದಿದ್ದೆ.

“ಇನ್ನೂ ನಿಶ್ಚಯ ಮಾಡಿದ್ದಿಲ್ರಿ,” ಎಂದು ಇವರ ತಟ್ಟೆಗೆ ಪಲ್ಯ ಹಾಕಿದೆ.

ಇವರು ನಂಬಿದರು.